ಬಾಲದ ತುದಿಯವರೆಗೆ

ಮೀನುಗಾರಿಕೆ ಕಚೇರಿಯ ಲಕೋಟೆ ಬಂದಾಗ ನಾನೂ ನನ್ನ ಹೆಂಡತಿಯೂ ಮಧ್ಯಾಹ್ನದ ಊಟ ಮುಗಿಸಿ ಕುಳಿತಿದ್ದೆವು. ಒಳಗೆ ಎರಡು ಕಾಗದಗಳಿದ್ದವು. ಒಂದನ್ನು ಅವಳು ಎತ್ತಿಕೊಂಡಳು. ನಮ್ಮ ಮಗಳು ಮೂರು ವರ್ಷ ಧಕ್ಕೆಯ ಮೇಲೆ ನಿಂತು ಮೀನು ಅಳೆದು ಬರೆದ ಪುಸ್ತಕ ವರದಿಯಾಗಿ ಅಚ್ಚಾಗುವುದೆಂದೂ, ಅದರ ಮೊದಲ ಪುಟದಲ್ಲಿ ಅವಳ ಹೆಸರಿರುವುದೆಂದೂ ಅದರಲ್ಲಿ ಬರೆದಿತ್ತು. ಮಗಳು ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು.

"ನೋಡಿದ್ರಾ, ಮೊದಲನೇ ಪುಟದಲ್ಲೇ ಹಾಕ್ತಾರಂತೆ," ಎಂದಳು. ನಾಲ್ಕು ತಿಂಗಳಲ್ಲಿ ಅವಳ ಮುಖ ಅಷ್ಟು ಹಗುರವಾದದ್ದನ್ನು ನಾನು ಕಂಡಿರಲಿಲ್ಲ. ಕಾಗದವನ್ನು ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟಳು. ಮತ್ತೆ ತೆಗೆದು ಮತ್ತೆ ಓದಿದಳು.

ಎರಡನೆಯ ಕಾಗದ ನನ್ನ ಹೆಸರಿಗೆ. ಇನ್ನೆರಡು ದಿನಕ್ಕೆ ಕೊಲ್ಲಿ ಸಮಿತಿಯ ಸಭೆ ಇದೆ, ಬರಬೇಕು ಎಂದು.

ಈ ಸಮಿತಿಯ ವಿಚಾರವನ್ನು ಸ್ವಲ್ಪ ಹೇಳಬೇಕು. ನಮ್ಮ ಕೊಲ್ಲಿಯಲ್ಲಿ ಮೀನು ಹಿಡಿಯುವವರದು ಎರಡು ಗುಂಪು. ನಾವು ಬಲೆಯವರು. ನಲವತ್ತೆರಡು ಸಣ್ಣ ದೋಣಿಗಳು, ಅಷ್ಟೂ ಮನೆಗಳ ಹೊಟ್ಟೆಪಾಡು. ಇನ್ನೊಂದು ಗುಂಪು ಗಾಳದವರದು. ಡಾಕ್ಟರು, ಮೇಷ್ಟ್ರು, ಅಂಗಡಿಯವರು, ರಜೆಯ ದಿನ ಉದ್ದನೆಯ ಕೋಲು ಹಿಡಿದು ಬಂಡೆಯ ಮೇಲೆ ಕೂರುವವರು. ಗಂಟೆಗಟ್ಟಲೆ ಅಲುಗಾಡದೆ ಕೂರುವುದರಿಂದ ನಾವು ಅವರಿಗೆ 'ತಪಸ್ವಿಗಳು' ಎಂದು ಹೆಸರಿಟ್ಟಿದ್ದೆವು. ಅವರು ನಮಗೆ 'ಜರಡಿಗಳು' ಎನ್ನುತ್ತಿದ್ದರು. ಇಬ್ಬರಿಗೂ ಬೇಕಾದದ್ದು ಒಂದೇ ಮೀನು. ಬಾಲ ಕತ್ತರಿಯಂತೆ ಕವಲೊಡೆದು ಬಿಸಿಲಿಗೆ ಹೊಳೆಯುವುದರಿಂದ ಅದನ್ನು ಬೆಳ್ಳಿಬಾಲ ಎನ್ನುತ್ತೇವೆ. ನಮ್ಮ ಬಲೆಯ ಹಗ್ಗವನ್ನು ಅವರು ಕೊಯ್ದರು, ಅವರ ದಾರವನ್ನು ನಾವು ಕೊಯ್ದೆವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಹಾಗೆ ನಡುವೆ ಮೀನು ಬಡವಾಯಿತು.

ಮೂರೂವರೆ ವರ್ಷದ ಹಿಂದೆ ಎರಡೂ ಕಡೆಯವರನ್ನು ಕೂರಿಸಿ ಕಚೇರಿಯವರು ಒಂದು ಒಪ್ಪಂದ ಮಾಡಿಸಿದರು. ಗಾಳದವರು ದಿನಕ್ಕೆ ತಲೆಗೆ ಎರಡೇ ಮೀನು ಇಟ್ಟುಕೊಳ್ಳಬೇಕು, ಮಿಕ್ಕದ್ದನ್ನು ಅಳೆದು, ಬೆನ್ನಿಗೆ ನಂಬರಿನ ಪ್ಲಾಸ್ಟಿಕ್ ದಾರ ಚುಚ್ಚಿ ನೀರಿಗೆ ಬಿಡಬೇಕು. ನಾವು ಬಲೆಯ ಕಣ್ಣು ದೊಡ್ಡದು ಮಾಡಬೇಕು, ತಂದ ಮೀನನ್ನೆಲ್ಲ ಧಕ್ಕೆಯ ಮೇಲೆ ಅಳೆಸಬೇಕು. ದೋಣಿಗಳು ತಂದ ಮೀನಿನ ಸರಾಸರಿ ಉದ್ದ ಸತತವಾಗಿ ಮೂರು ತಿಂಗಳು ನಲವತ್ತಮೂರು ಸೆಂಟಿಮೀಟರಿಗಿಂತ ಕಡಿಮೆಯಾದರೆ ನಮ್ಮ ದೋಣಿಗಳು ಮೂರು ವರ್ಷ ಕೊಲ್ಲಿಗೆ ಬರಬಾರದು. ಹೊರಗಡಲು ಕೆರಳುವ ನಾಲ್ಕು ತಿಂಗಳು ನಮ್ಮಂಥ ಸಣ್ಣ ದೋಣಿಗಳಿಗೆ ಕೊಲ್ಲಿಯೊಂದೇ ಗತಿ. ಅಲ್ಲಿಂದ ಹೊರಗೆ ಹಾಕಿದರೆ ದೋಣಿ ಮಾರಬೇಕು, ಇಲ್ಲವೇ ಮುಳುಗಬೇಕು.

ಅಳೆಯುವ ಕೆಲಸಕ್ಕೆ ಕಚೇರಿಯವರು ನೇಮಿಸಿದ್ದು ನನ್ನ ಮಗಳನ್ನು. ಬಲೆಯವನ ಮಗಳೆಂದು ಗಾಳದವರು ಮೊದಲು ಗೊಣಗಿದರು. ಆರು ತಿಂಗಳಲ್ಲಿ ಅವರೇ ಅವಳನ್ನು 'ತಕ್ಕಡಿ' ಎಂದು ಕರೆಯತೊಡಗಿದರು, ಯಾವ ಕಡೆಗೂ ವಾಲುವುದಿಲ್ಲವೆಂದು.

ಸಭೆಯ ಕಾಗದದ ಜೊತೆ ಒಂದು ಪಟ್ಟಿ ಇತ್ತು. ತಿಂಗಳು ತಿಂಗಳಿಗೂ ದೋಣಿಗಳ ಮೀನಿನ ಸರಾಸರಿ. ನಲವತ್ತಾರು, ನಲವತ್ತಾರು, ನಲವತ್ತೇಳು, ಹೀಗೇ ನಡೆದು ಬಂದು ಕೊನೆಯ ಮೂರು ತಿಂಗಳಿಗೆ ಒಮ್ಮೆಲೇ ನಲವತ್ತೊಂದು, ನಲವತ್ತೊಂದು, ನಲವತ್ತೆರಡು. ಪಟ್ಟಿಯ ಹಿಂದೆ ಮಗಳ ಪುಸ್ತಕದ ಮೊದಲ ಪುಟದ ನಕಲು. ಅವಳದೇ ಕೈಬರಹ: 'ಅಳತೆಯ ಕ್ರಮ. ಮೂತಿಯಿಂದ ಬಾಲದ ತುದಿಯವರೆಗೆ.'

ನಾನು ಅದನ್ನು ಓದಿ, ಹೆಂಡತಿಗೆ ಕಾಣದ ಹಾಗೆ ಮಡಿಸಿ ಇಟ್ಟೆ.

ಆ ಮೂರು ತಿಂಗಳು ಮೀನು ಅಳೆದವನು ನಾನು. ಮಗಳು ಹಾಸಿಗೆ ಹಿಡಿದ ಮೊದಲ ವಾರ, "ಅಪ್ಪಾ, ನಾಲ್ಕು ದಿನ ನೀನೇ ನೋಡ್ಕೋ. ಪುಸ್ತಕದಲ್ಲಿ ದಿನ ತಪ್ಪಿದ್ರೆ ಬೇರೆಯವರನ್ನ ಹಾಕಿಬಿಡ್ತಾರೆ," ಎಂದಳು. ನಾಲ್ಕು ದಿನ ಮೂರು ತಿಂಗಳಾಯಿತು. ಅವಳು ಎದ್ದು ಬಂದು ಮತ್ತೆ ಆ ಅಳತೆಯ ಹಲಗೆಯ ಮುಂದೆ ನಿಲ್ಲುವಳೆಂದು ನಾನು ನಂಬಿದ್ದೆ. ಕೆಲಸ ಅವಳಿಗಾಗಿ ಕಾದಿರಲಿ ಎಂದು ಪ್ರತಿ ಪುಟದ ಕೆಳಗೆ ಅವಳ ಸಹಿಯನ್ನೂ ನಾನೇ ಹಾಕಿದೆ. ಧಕ್ಕೆಯವರು ನೋಡಿದರು, ಸುಮ್ಮನಿದ್ದರು. ಕಚೇರಿಗೆ ಗೊತ್ತಾಗಲಿಲ್ಲ.

ಸಹಿಗಿಂತ ದೊಡ್ಡ ತಪ್ಪು ಬೇರೆ ಇತ್ತು. ಬಲೆಯವರು ಮೀನನ್ನು ಬಾಲದ ತುದಿಯವರೆಗೆ ಅಳೆಯುವುದಿಲ್ಲ. ಬಲೆಯಲ್ಲಿ ಉಜ್ಜಿ, ಐಸಿನಲ್ಲಿ ಮುರಿದು ಬಾಲದ ತುದಿ ಉಳಿಯುವುದೇ ಅಪರೂಪ. ಅದಕ್ಕೆ ವ್ಯಾಪಾರಿಗಳೂ ನಾವೂ ಅಳೆಯುವುದು ಬಾಲ ಕವಲೊಡೆಯುವ ಸಂದಿಯವರೆಗೆ. ಐವತ್ತು ವರ್ಷ ನನ್ನ ಹೆಬ್ಬೆರಳು ಆ ಸಂದಿಯಲ್ಲೇ ಹೋಗಿ ನಿಂತಿದೆ. ಮಗಳು ದಾರ ಇಟ್ಟು ಗುರುತು ಮಾಡಿದ್ದ ಪುಟದಿಂದ ನಾನು ಬರೆಯುತ್ತಾ ಹೋದೆ. ಮೊದಲ ಪುಟವನ್ನು ತಿರುವಿ ನೋಡಲಿಲ್ಲ. ಒಂದೊಂದು ಮೀನಿನಲ್ಲೂ ನಾಲ್ಕೈದು ಸೆಂಟಿಮೀಟರ್ ನನ್ನ ಹೆಬ್ಬೆರಳು ನುಂಗಿತು.

ಸಂಜೆ ನಾನು ಮನೆಗೆ ಬಂದರೆ ಅವಳು ಮಲಗಿದ್ದಲ್ಲಿಂದಲೇ ಕೇಳುತ್ತಿದ್ದಳು, "ಇವತ್ತು ಎಷ್ಟು ಬಂತಪ್ಪಾ?" ನಲವತ್ತು, ನಲವತ್ತೊಂದು ಎನ್ನುತ್ತಿದ್ದೆ. ಒಂದು ದಿನ ಗೋಡೆಯ ಕಡೆ ಹೊರಳಿ, "ಮೀನು ಸಣ್ಣದಾಗ್ತಾ ಇದೆಯಲ್ಲ. ನಾವು ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯ್ತಾ?" ಎಂದಳು. "ಕಾಲ ಹಾಗಿದೆ ಮಗಾ, ಸರಿಹೋಗುತ್ತೆ," ಎಂದೆ. ಆ ಚಿಂತೆಯನ್ನು ಇಟ್ಟುಕೊಂಡೇ ಅವಳು ಹೋದಳು. ಅಂದಿನಿಂದ ಧಕ್ಕೆಯ ಅಳತೆಯೂ ನಿಂತಿತ್ತು.

ಈಗ ನಾನು ಬಾಯಿ ಬಿಟ್ಟರೆ ಅವಳ ಪುಸ್ತಕದಲ್ಲಿ ಕಳ್ಳ ಸಹಿ ಇರುವುದು ಬಯಲಾಗುತ್ತದೆ, ಅಚ್ಚಾಗುವ ಹೆಸರು ನಿಲ್ಲುತ್ತದೆ. ಬಿಡದಿದ್ದರೆ ನಲವತ್ತೆರಡು ದೋಣಿ ಕೊಲ್ಲಿಯಿಂದ ಹೊರಗೆ.

ಮರುದಿನ ಅಣ್ಣನ ಮಗ ಬಂದ. ಬಲೆಯವರ ಮುಖಂಡ ಅವನೇ. ಕುಳಿತುಕೊಳ್ಳಲಿಲ್ಲ, ಹೊಸ್ತಿಲಲ್ಲೇ ನಿಂತ.

"ಚಿಕ್ಕಪ್ಪ, ನೀರು ಬಿಸಿಯಾಗಿತ್ತು, ದೊಡ್ಡ ಮೀನು ಆಳಕ್ಕೆ ಹೋಯ್ತು ಅಂತ ವಾದ ಮಾಡ್ತೀನಿ. ನೀವು ಮಾತ್ರ ಆ ಸಹಿ ವಿಷಯ ಎತ್ತಬೇಡಿ. ಎತ್ತಿದ್ರೆ ಪುಸ್ತಕಾನೇ ಸುಳ್ಳು ಅಂತಾರೆ. ಆಗ ನಮಗೆ ಹಿಡ್ಕೊಳ್ಳೋಕೆ ಹುಲ್ಲುಕಡ್ಡೀನೂ ಇರಲ್ಲ."

"ನೀರು ಬಿಸಿಯಾಗಿತ್ತಾ?" ಎಂದೆ.

"ಯಾರಿಗೆ ಗೊತ್ತು? ಅವರು ಕೈ ಹಾಕಿ ನೋಡಿದ್ರಾ?"

ಅಳತೆಯ ತಪ್ಪನ್ನು ಅವನಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದು, ಸಭೆಯ ದಿನ ತಾನೂ ಬರುವೆನೆಂದೂ, ಅಚ್ಚಿಗೆ ಹೋಗುವ ಪುಟವನ್ನು ತೋರಿಸುತ್ತಾರಂತೆ ಎಂದೂ ಹೇಳಿದಳು. ನನ್ನ ಬಾಯಿ ಮುಚ್ಚಿತು. ಆ ದಿನವೆಲ್ಲ ಭಗವಂತನನ್ನು ಒಂದೇ ಕೇಳಿದೆ. ಯಾವುದು ಸರಿ ಎಂದು ಕೇಳಲಿಲ್ಲ, ಅದು ನನಗೆ ಗೊತ್ತಿತ್ತು. ಅದನ್ನು ನನ್ನಿಂದ ಆಡಿಸು ಎಂದು ಕೇಳಿದೆ.

ಸಭೆ ಹತ್ತೂವರೆಗೆ. ಕಚೇರಿಯ ಮಹಡಿಯ ಮೇಲೆ ಉದ್ದನೆಯ ಕೋಣೆ, ಗಾಜು ಬಿರುಕು ಬಿಟ್ಟ ಮೇಜು, ಗೋಡೆಗೆ ಕೊಲ್ಲಿಯ ನಕ್ಷೆ. ನಕ್ಷೆಯ ಮೇಲೆ ನಮ್ಮ ಬಲೆಯ ಜಾಗಕ್ಕೆ ಯಾರೋ ಆಗಲೇ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಹೆಂಡತಿ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದಳು. ಸಮಿತಿಯವರಲ್ಲದವರು ಒಳಗೆ ಬರುವಂತಿಲ್ಲವೆಂದು ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು.

ಮೇಜಿನ ಆ ಬದಿಗೆ ಗಾಳದವರು. ನಡುವೆ ಅವರ ಹಿರಿಯ, ಕೆಲಸದಿಂದ ನಿವೃತ್ತರಾದ ಹಲ್ಲಿನ ಡಾಕ್ಟರು. ಮಾತು ಕಡಿಮೆ, ಜನರ ಬಾಯಿ ನೋಡಿ ನೋಡಿ ಸಾಕಾದ ಮನುಷ್ಯ. ಪಕ್ಕದಲ್ಲಿ ಟೈರು ಅಂಗಡಿಯವನು. ಡಾಕ್ಟರು ಆಡದ ಮಾತನ್ನೆಲ್ಲ ಅವನು ಆಡುತ್ತಿದ್ದ. ಈ ಬದಿಗೆ ನಾನು, ಅಣ್ಣನ ಮಗ, ಇನ್ನಿಬ್ಬರು ದೋಣಿಯವರು. ತುದಿಯಲ್ಲಿ ಅಧಿಕಾರಿ ಹೆಂಗಸು, ಮುಂದೆ ಮಗಳ ಪುಸ್ತಕ.

ಅಧಿಕಾರಿ ಪಟ್ಟಿ ಓದಿದರು. ಅಣ್ಣನ ಮಗ ಎದ್ದು ಬಿಸಿನೀರಿನ ವಾದ ಹೂಡಿದ.

"ಬಿಸಿನೀರು ನಿಮ್ಮ ಬಲೆಗೆ ಮಾತ್ರ ಬಂತೇನಪ್ಪಾ?" ಎಂದ ಟೈರು ಅಂಗಡಿಯವನು. "ನಮ್ಮ ಗಾಳಕ್ಕೆ ಅದೇ ಮೂರು ತಿಂಗಳು ನಲವತ್ತಾರು ಬಂದಿದೆ. ಮೀನು ನಿಮ್ಮ ಹತ್ರ ಬರುವಾಗ ಸ್ನಾನ ಮಾಡಿ ಕುಗ್ಗಿಹೋಗುತ್ತಾ?"

ಅವರ ಕಡೆಯವರು ನಕ್ಕರು. ಅಣ್ಣನ ಮಗನ ಕಿವಿ ಕೆಂಪಾಯಿತು. "ಬಲೆ ಕಣ್ಣು ಮತ್ತೆ ಸಣ್ಣದು ಮಾಡಿದ್ದೀರಿ, ಅಷ್ಟೇ," ಎಂದು ಟೈರಿನವನು ಮುಗಿಸಿದ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಏಕೆ ಸುಳ್ಳೆಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಅಧಿಕಾರಿ ಪೆನ್ನು ತೆಗೆದರು. "ಒಪ್ಪಂದದಲ್ಲಿ ಬರೆದಿರೋದು ಸ್ಪಷ್ಟವಾಗಿದೆ. ನನಗೂ ಬೇಜಾರೇ. ಆದೇಶ ಬರೆಯೋಕೆ ಮುಂಚೆ ಒಂದು ಮಾತು. ಈ ಪುಸ್ತಕ ಬರೆದ ಹುಡುಗಿ ಈಗ ಇಲ್ಲ. ಒಂದು ನಿಮಿಷ ಎದ್ದು ನಿಲ್ಲೋಣ."

ಎಲ್ಲರೂ ಎದ್ದರು. ಟೈರಿನವನು ಟೋಪಿ ತೆಗೆದು ಎದೆಗೆ ಹಿಡಿದ. ಡಾಕ್ಟರು ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ನನ್ನ ಸುಳ್ಳಿಗೆ ಇವರೆಲ್ಲ ಗೌರವ ಕೊಟ್ಟು ನಿಂತಿದ್ದಾರೆ, ಅದೂ ಅವಳ ಹೆಸರಿನಲ್ಲಿ ಎನ್ನಿಸಿತು. ತಂದೆಯೇ, ಇದನ್ನು ನಾನು ಹೊರಲಾರೆ ಎಂದು ಭಗವಂತನಿಗೆ ಒಳಗೇ ಹೇಳಿಕೊಂಡೆ. ಎಲ್ಲರೂ ಕುಳಿತರು, ನಾನು ನಿಂತೇ ಇದ್ದೆ.

"ಮೇಡಂ, ಕೊನೇ ಮೂರು ತಿಂಗಳು ಬರೆದಿದ್ದು ಅವಳಲ್ಲ. ನಾನು."

ಅಣ್ಣನ ಮಗ ನನ್ನ ತೋಳು ಹಿಡಿದು ಎಳೆದ. ನಾನು ಕೂರಲಿಲ್ಲ. ಅಳತೆಯ ವಿಚಾರವನ್ನು ಹೇಳಿದೆ. ಕವಲು ಯಾವುದು, ತುದಿ ಯಾವುದು ಎಂದು ನನ್ನ ಅಂಗೈಯನ್ನೇ ಮೀನು ಮಾಡಿ ತೋರಿಸಿದೆ.

"ಸಹಿ?" ಎಂದರು ಅಧಿಕಾರಿ.

"ಅದೂ ನನ್ನದೇ. ಅವಳಿಗೆ ಗೊತ್ತಿರಲಿಲ್ಲ."

ಟೈರಿನವನು ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೀನು ಗಿಡ್ಡ ಆಯ್ತು, ಈಗ ಅಳತೆ ಡೊಂಕು. ಅಜ್ಜ, ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಹೇಳ್ತೀನಿ, ಸತ್ತ ಮಗಳ ಹಿಂದೆ ಅಡಗಿಕೊಳ್ಳಬೇಡಿ."

ಅಧಿಕಾರಿ ಪುಸ್ತಕವನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟರು.

"ನೀವು ಹಿರಿಯರು. ನಿಮ್ಮ ಮಾತನ್ನ ನಾನು ನಂಬಬಹುದು, ಆದ್ರೆ ಮಾತು ಸಾಕ್ಷಿ ಆಗಲ್ಲ. ಸುಳ್ಳು ಸಹಿ ಇದೆ ಅಂತ ನೀವೇ ಒಪ್ಪಿಕೊಂಡ ಮೇಲೆ ಈ ಪುಸ್ತಕಾನೇ ನಾನು ಪಕ್ಕಕ್ಕಿಡಬೇಕಾಗುತ್ತೆ. ದೋಣಿಗಳ ಅಳತೆ ಪುಸ್ತಕ ಇಲ್ಲದೆ ಹೋದ್ರೆ ಏನು ಅಂತಾನೂ ಒಪ್ಪಂದದಲ್ಲಿದೆ. ಆಗಲೂ ದೋಣಿಗಳು ಹೊರಗೇ."

"ಸಮಾಧಾನ ಆಯ್ತಾ?" ಎಂದ ಅಣ್ಣನ ಮಗ, ನನ್ನ ಕಿವಿಯ ಹತ್ತಿರ. "ಮನೆಗೆ ಬೆಂಕಿ ಬಿದ್ದಿತ್ತು. ನೀವು ಬಾವೀನೂ ಮುಚ್ಚಿದ್ರಿ."

ಅವನ ತಪ್ಪಿಲ್ಲ. ಅವನ ಹಿಂದೆ ನಲವತ್ತೆರಡು ಮನೆ. ನಾನು ಕುರ್ಚಿಯ ಬೆನ್ನು ಹಿಡಿದು ನಿಂತೆ. ಅಧಿಕಾರಿ ಆದೇಶದ ಹಾಳೆಯನ್ನು ಮುಂದಕ್ಕೆಳೆದುಕೊಂಡು ತಾರೀಖು ಬರೆದರು. ಅದರ ಕೆಳಗೆ ಎರಡು ಸಾಲು ಬರೆದದ್ದನ್ನೂ ಕಂಡೆ. ಆಗ ನನ್ನ ಕಣ್ಣು ಡಾಕ್ಟರ ಕಾಲ ಬಳಿ ಇದ್ದ ಚರ್ಮದ ಚೀಲದ ಮೇಲೆ ಬಿತ್ತು. ಅವರು ನಂಬರಿನ ದಾರ ಚುಚ್ಚಿ ಬಿಟ್ಟ ಮೀನುಗಳಲ್ಲಿ ಕೆಲವು ನಮ್ಮ ಬಲೆಗೆ ಬೀಳುತ್ತಿದ್ದವು. ಅಂಥ ಮೀನು ಬಂದರೆ ಉದ್ದದ ಪಕ್ಕದಲ್ಲಿ ದಾರದ ನಂಬರನ್ನು ಬರೆಯಬೇಕು. ಅದೊಂದನ್ನು ಮಗಳು ನನಗೆ ಹೇಳಿಕೊಟ್ಟಿದ್ದಳು, ನಾನು ತಪ್ಪದೆ ಬರೆದಿದ್ದೆ.

"ಡಾಕ್ಟ್ರೇ," ಎಂದೆ, "ನಿಮ್ಮ ದಾರದ ಮೀನಿನ ಪುಸ್ತಕ ತಂದಿದ್ದೀರಾ?"

ಡಾಕ್ಟರು ತಲೆ ಎತ್ತಿದರು.

"ಆ ಮೂರು ತಿಂಗಳಲ್ಲಿ ನಿಮ್ಮ ಹನ್ನೊಂದು ಮೀನು ನಮ್ಮ ಬಲೆಗೆ ಬಂತು. ನೀವು ಬಿಡುವಾಗ ಎಷ್ಟಿತ್ತು, ನಾನು ಎಷ್ಟು ಬರೆದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೀನು ಬೆಳೆಯುತ್ತೆ, ಇಲ್ಲಾ ಅಷ್ಟೇ ಇರುತ್ತೆ. ಗಿಡ್ಡ ಆಗಲ್ಲ."

"ಅದು ನಮ್ಮ ಕ್ಲಬ್ಬಿನ ಪುಸ್ತಕ," ಎಂದ ಟೈರಿನವನು. "ತೋರಿಸ್ಲೇಬೇಕು ಅಂತ ಎಲ್ಲೂ ಬರೆದಿಲ್ಲ. ಡಾಕ್ಟ್ರೇ, ಕೂತ್ಕೊಳ್ಳಿ. ಆದೇಶ ಆಗೋಗಿದೆ."

"ಇನ್ನೂ ಆಗಿಲ್ಲ," ಎಂದರು ಅಧಿಕಾರಿ. ಆದರೆ ಅವರೂ ಪುಸ್ತಕವನ್ನು ಕೇಳಲಿಲ್ಲ.

ಡಾಕ್ಟರು ಮೇಜಿನ ಬಿರುಕಿನ ಮೇಲೆ ಬೆರಳಾಡಿಸಿದರು. ಮೂರು ವರ್ಷ ಕೊಲ್ಲಿಯೆಲ್ಲ ಅವರದಾಗಲು ಅವರು ಸುಮ್ಮನೆ ಕೂತರೆ ಸಾಕಿತ್ತು. ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಅವು ಮೇಜಿನ ಮೇಲಿಂದ ಇಳಿದವು. ಚೀಲದ ಕೊಂಡಿ ಬಿಚ್ಚಿದ ಸದ್ದಾಯಿತು.

"ಏನ್ ಮಾಡ್ತಿದೀರಿ ಡಾಕ್ಟ್ರೇ?"

"ನೋವಿರೋ ಹಲ್ಲು ಬಿಟ್ಟು ಪಕ್ಕದ ಹಲ್ಲು ಕೀಳೋ ಅಭ್ಯಾಸ ನನಗಿಲ್ಲ ಮಾರಾಯ," ಎಂದರು ಡಾಕ್ಟರು. "ನಂಬರ್ ಓದಿ ಮೇಡಂ."

ಅಧಿಕಾರಿ ಮಗಳ ಪುಸ್ತಕವನ್ನು ಮತ್ತೆ ತೆರೆದರು. "ಇನ್ನೂರ ಹದಿನಾಲ್ಕು. ಇಲ್ಲಿ ನಲವತ್ತೇಳು."

ಡಾಕ್ಟರು ಬೆರಳಿಟ್ಟು ಹುಡುಕಿದರು. "ಬಿಡುವಾಗ ಐವತ್ತೆರಡು."

"ಇನ್ನೂರ ಮೂವತ್ತು. ಇಲ್ಲಿ ನಲವತ್ತು."

"ನಲವತ್ತನಾಲ್ಕೂವರೆ."

"ನೂರ ಎಂಬತ್ತೊಂದು. ನಲವತ್ತಾರು."

ಡಾಕ್ಟರು ತಡೆದರು. ಕನ್ನಡಕವನ್ನು ಮೇಲಕ್ಕೆ ತಳ್ಳಿ ಮತ್ತೊಮ್ಮೆ ನೋಡಿದರು. "ಇದೂ ನಲವತ್ತಾರು."

"ಹ್ಞಾ," ಎಂದು ಟೈರಿನವನು ಕುರ್ಚಿ ಎಳೆದು ಮುಂದೆ ಬಂದ. "ಇದು ಸರಿಯಾಗಿದೆಯಲ್ಲ. ಇದಕ್ಕೇನಂತೀರಿ ಅಜ್ಜ? ಈ ಒಂದು ಮೀನಿಗೆ ನಿಮ್ಮ ಹೆಬ್ಬೆರಳು ರಜೆ ಹಾಕಿತ್ತಾ?"

ಅಣ್ಣನ ಮಗ ಎರಡೂ ಕೈಯಲ್ಲಿ ಮೇಜಿನ ಅಂಚನ್ನು ಹಿಡಿದಿದ್ದ. ಡಾಕ್ಟರು ಮಾತ್ರ ಪುಟದ ಮೇಲೆ ಬೆರಳನ್ನು ನಿಧಾನವಾಗಿ ಅಡ್ಡಕ್ಕೆ ಸರಿಸುತ್ತಿದ್ದರು.

"ಇದನ್ನ ಬಿಟ್ಟಿದ್ದು ಹೋದ ವರ್ಷದ ಮೊದಲ ತಿಂಗಳು," ಎಂದರು. "ಬಲೆಗೆ ಬಿದ್ದಿದ್ದು?"

ಅಧಿಕಾರಿ ತಾರೀಖು ಓದಿದರು.

"ಹದಿಮೂರು ತಿಂಗಳು ನೀರಲ್ಲಿತ್ತು. ಹದಿಮೂರು ತಿಂಗಳಲ್ಲಿ ಒಂದು ಕೂದಲೆಳೆಯಷ್ಟೂ ಬೆಳೀದೇ ಇರೋ ಬೆಳ್ಳಿಬಾಲ ನೀನು ನೋಡಿದ್ದೀಯಾ?" ಎಂದು ಟೈರಿನವನನ್ನು ಕೇಳಿದರು. "ನೀನೇ ಬಿಟ್ಟ ಮೀನು ಇದು, ನಿನ್ನ ಸಹಿ ಇದೆ. ಅದು ಐದು ಸೆಂಟಿಮೀಟರ್ ಬೆಳೆದಿದೆ. ಅಷ್ಟನ್ನೂ ಯಜಮಾನರ ಹೆಬ್ಬೆರಳು ತಿಂದಿದೆ. ಮುಂದೆ ಓದಿ ಮೇಡಂ."

ಹನ್ನೊಂದನ್ನೂ ಓದಿದರು. ಮಿಕ್ಕವೆಲ್ಲ ಗಿಡ್ಡವಾಗಿದ್ದವು, ಎಲ್ಲವೂ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು. ಆಮೇಲೆ ಡಾಕ್ಟರೇ ಕೇಳಿ, ಮಗಳು ತಾನೇ ಅಳೆದ ತಿಂಗಳುಗಳ ದಾರದ ಮೀನುಗಳನ್ನೂ ಓದಿಸಿದರು. ಮೂವತ್ತಾರು ಇದ್ದವು. ಒಂದೂ ಗಿಡ್ಡವಾಗಿರಲಿಲ್ಲ.

ಟೈರಿನವನು ತನ್ನ ಸಹಿ ಇದ್ದ ಪುಟವನ್ನು ಎಳೆದುಕೊಂಡು ನೋಡಿದ. "ನಲವತ್ತಾರು ನಾನೇ ಬರೆದಿದ್ದು," ಎಂದ. ಪುಟವನ್ನು ಡಾಕ್ಟರ ಕಡೆಗೆ ವಾಪಸು ತಳ್ಳಿದ.

ಅಧಿಕಾರಿ ಮೊದಲ ಹಾಳೆಯನ್ನು ಹರಿದು ಬೇರೆ ಬರೆದರು. ಕೊನೆಯ ಮೂರು ತಿಂಗಳ ಪುಟಗಳು ರದ್ದು. ಮಿಕ್ಕ ಪುಸ್ತಕ ಊರ್ಜಿತ. ದೋಣಿಗಳು ಈ ಸಲ ಕೊಲ್ಲಿಯಲ್ಲೇ ಇರಬಹುದು. ಮುಂದಿನ ವಾರದಿಂದ ಒಂದೇ ಹಲಗೆಯ ಮೇಲೆ ಬಲೆಯವನೊಬ್ಬ, ಗಾಳದವನೊಬ್ಬ ಜೊತೆಗೆ ನಿಂತು ಅಳೆಯಬೇಕು. ಮೂರು ತಿಂಗಳ ನಂತರ ಮತ್ತೆ ಸಭೆ. ಆಗ ಕಡಿಮೆ ಬಂದರೆ ದೋಣಿಗಳು ಹೊರಗೆ, ಮಾತಿಲ್ಲ. ಇಷ್ಟನ್ನು ಓದಿ ಅವರು ನನ್ನ ಕಡೆ ತಿರುಗಿದರು.

"ನೀವು ಇನ್ಮೇಲೆ ಸಮಿತಿಯಲ್ಲಿ ಇರೋ ಹಾಗಿಲ್ಲ."

"ಸರಿ."

"ಇನ್ನೊಂದು. ತನ್ನ ಪುಸ್ತಕಾನ ಬೇರೆಯವರ ಕೈಗೆ ಕೊಟ್ಟವರ ಹೆಸರನ್ನ ವರದಿ ಮೇಲೆ ಹಾಕೋ ಹಾಗಿಲ್ಲ. ನಿಯಮ ಇದೆ. ನಾನು ಬರೆದು ಕೇಳ್ತೀನಿ, ಆದ್ರೆ ಆಗುತ್ತೆ ಅಂತ ಹೇಳಲಾರೆ."

"ಸರಿ," ಎಂದೆ. ನನ್ನ ಹೇಳಿಕೆಯನ್ನು ಬರೆದುಕೊಂಡು ಮುಂದಿಟ್ಟರು. ಮೂರು ತಿಂಗಳು ಮಗಳ ಹೆಸರನ್ನು ಬರೆದ ಕೈ ನನ್ನ ಹೆಸರನ್ನು ಬರೆಯಲು ತಡಮಾಡಿತು.

ಅಣ್ಣನ ಮಗ ಬಾಗಿಲ ಬಳಿ ನನ್ನನ್ನು ಹಿಡಿದು ನಿಲ್ಲಿಸಿದ. "ಬಿಸಿನೀರು ಅಂತ ನನ್ನನ್ನ ಕೋತಿ ಹಾಗೆ ಕುಣಿಯೋಕೆ ಬಿಟ್ರಿ. ನಿನ್ನೇನೇ ಹೇಳೋಕಾಗ್ತಿರಲಿಲ್ವಾ ಚಿಕ್ಕಪ್ಪ?"

"ಆಗಲಿಲ್ಲ ಕಣೋ," ಎಂದೆ. ಅವನು ಇನ್ನೇನೋ ಹೇಳಬೇಕೆಂದಿದ್ದ. ಬೆಂಚಿನ ಮೇಲೆ ಕುಳಿತಿದ್ದ ಚಿಕ್ಕಮ್ಮನನ್ನು ಕಂಡು ಸುಮ್ಮನೆ ಮೆಟ್ಟಿಲಿಳಿದು ಹೋದ.

ಹೆಂಡತಿ ಎದ್ದು ನಿಂತಳು. ಕನ್ನಡಕವನ್ನು ಆಗಲೇ ಹಾಕಿಕೊಂಡಿದ್ದಳು. ನನ್ನ ಕೈಯಲ್ಲಿ ಯಾವ ಕಾಗದವೂ ಇಲ್ಲದ್ದನ್ನು ನೋಡಿದಳು. ನಾನು ಅವಳ ಪಕ್ಕದಲ್ಲಿ ಕುಳಿತು ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಒಂದನ್ನೂ ಬಿಡಲಿಲ್ಲ. ನಡುವೆ ಅವಳೂ ಕುಳಿತಳು. ಡಾಕ್ಟರು ಚೀಲ ಹಿಡಿದು ಹೊರಗೆ ಬಂದವರು ನಮ್ಮನ್ನು ಕಂಡು ತಲೆಬಾಗಿಸಿ ದಾಟಿಹೋದರು.

"ದೋಣಿಗಳು ಉಳಿದ್ವಾ?" ಎಂದು ಕೇಳಿದಳು.

"ಈ ಸಲಕ್ಕೆ ಉಳಿದ್ವು."

"ಅವಳ ಹೆಸರು?"

"ಇಲ್ಲ."

ಅವಳು ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚಿದಳು. ಮೆಟ್ಟಿಲಿಳಿಯುವಾಗ ಯಾವಾಗಲೂ ನನ್ನ ಮೊಣಕೈ ಹಿಡಿಯುತ್ತಿದ್ದವಳು ಆ ದಿನ ಬದಿಯ ಕಂಬಿಯನ್ನು ಹಿಡಿದು ಮುಂದೆ ಇಳಿದಳು. ಬೀದಿಗೆ ಬಂದ ಮೇಲೆ ತಿರುಗಿ ನಿಂತಳು.

"ಇವತ್ತು ನನ್ನ ಹತ್ರ ಮಾತಾಡಬೇಡಿ," ಎಂದಳು. "ನಾಳೆ ಮಾತಾಡ್ತೀನಿ."

ಮನೆಯವರೆಗೂ ಅವಳ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆದೆ. ನಾಳೆ ಎಂದಳಲ್ಲ, ಅಷ್ಟಕ್ಕೇ ದೇವರಿಗೆ ಕೈ ಮುಗಿದೆ.